ನೆಲಕ್ಕೆ ಕೂರಬೇಕೆಂದಿದ್ದ ಆಯಿ

ಕುದಿಯುವ ನೀರಿನಿಂದ ತೆಗೆದ ಶಾಖದ ಚೀಲಕ್ಕೆ ಟವೆಲ್ ಸುತ್ತುವಾಗ ಒಂದು ವಾಸನೆ ಏಳುತ್ತದೆ. ಒದ್ದೆ ಬಟ್ಟೆ, ಚೀಲದೊಳಗಿನ ನೆನೆದ ಮಣ್ಣು, ಹಿಂದಿನವರು ಹಚ್ಚಿಕೊಂಡಿದ್ದ ನೋವಿನ ಮುಲಾಮು, ಎಲ್ಲ ಬೆರೆತ ಬೆಚ್ಚಗಿನ ವಾಸನೆ. ಕಳೆದ ತಿಂಗಳು ಅವ್ವನ ಭುಜ ಹಿಡಿದುಕೊಂಡಿತೆಂದು ಬಸವಕಲ್ಯಾಣದಲ್ಲೇ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿದ್ದೆ. ಅವಳ ಹೆಗಲ ಮೇಲೆ ಆ ಚೀಲ ಇಟ್ಟ ಕೂಡಲೇ ನಾನು ಎದ್ದು ಹೊರಗೆ ಬಂದು ನಿಂತೆ. ಯಾಕೆಂದು ಅವ್ವ ಕೇಳಿದಳು. ಒಳಗೆ ಸೆಕೆ ಎಂದೆ. ಆ ವಾಸನೆಗೆ ನನಗೆ ಒಬ್ಬ ಆಯಿ ನೆನಪಾಗುತ್ತಾಳೆ. ಜೊತೆಗೆ, ಇಷ್ಟು ವರ್ಷವಾದರೂ ಕಿವಿ ಬಿಸಿಯಾಗುವಷ್ಟು ನಾಚಿಕೆ…

ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಸ್ಕೂಟಿಯಿಂದ ಬಿದ್ದು ನನ್ನ ಬಲ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ನಡಿಗೆ ಬೇಗ ಬಂತು, ಮಂಡಿ ಮಡಚುವುದು ಮಾತ್ರ ಬರಲಿಲ್ಲ. ನಡೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೆಲಕ್ಕೆ ಕೂರಲು ಹೋದರೆ ತಿಳಿಯುತ್ತಿತ್ತು. ಓದು ಮುಗಿಸಿ ಊರಿಗೆ ಬಂದಾಗ ಮನೆಯಲ್ಲಿ ವರ ನೋಡಲು ಶುರು ಮಾಡಿದ್ದರು. ನಮ್ಮ ಕಡೆ ‘ಆ ಹುಡುಗಿಯ ಕಾಲಿಗೆ ಏನೋ ಆಗಿದೆಯಂತೆ’ ಎಂಬ ಮಾತು ಒಮ್ಮೆ ಹೊರಬಿದ್ದರೆ ಆಯಿತು, ಅದಕ್ಕೆ ಬಸ್ಸೂ ಬೇಡ, ಆಟೋನೂ ಬೇಡ. ಬಸವಕಲ್ಯಾಣದ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೆ ಅರ್ಧ ಓಣಿ ಎದುರಾಗುತ್ತದೆ. ಹಾಗಾಗಿ ಅವ್ವ ಹುಮನಾಬಾದಿನಲ್ಲಿ ಒಂದು ಸಣ್ಣ ಕ್ಲಿನಿಕ್ಕನ್ನು ಗೊತ್ತು ಮಾಡಿದಳು. ನೆರೆಯವರಿಗೆ ಕಂಪ್ಯೂಟರ್ ಕೋರ್ಸ್ ಎಂದು ಹೇಳಿದ್ದಾಯಿತು. ನಾನು ಬಸ್ಸಿನಲ್ಲಿ ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಕೂರುತ್ತಿದ್ದೆ. ಹರಿದ ಲಿಗಮೆಂಟ್ ಕಳಂಕವಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುತ್ತಿಕೊಳ್ಳುತ್ತಿದ್ದೆ.

ಆ ಕ್ಲಿನಿಕ್ಕಿನಲ್ಲಿ ಎರಡು ಮಂಚ, ನಡುವೆ ಹಸಿರು ಪರದೆ. ಚಿಕಿತ್ಸೆ ಕೊಡುವವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಪರದೆಯ ಆಚೆಯ ಮಂಚಕ್ಕೆ ಬರುತ್ತಿದ್ದ ಮುದುಕಿಯೇ ಆಯಿ. ಮೊದಲ ಕೆಲವು ದಿನ ಅವಳು ನನಗೆ ಬರೀ ದನಿ. ಅಂಗಳದಲ್ಲಿ ಜಾರಿ ಬಿದ್ದು ಅವಳ ಎಡ ಮೊಣಕಾಲು ಬಿಗಿದುಕೊಂಡಿತ್ತು. ಮೇಡಂ ಹಿಡಿದು ಮಡಚುವಾಗ ಅವಳು ನರಳುತ್ತಿರಲಿಲ್ಲ, ಕಾಲನ್ನೇ ಬೈಯುತ್ತಿದ್ದಳು.

“ಏ, ಸುಮ್ಮಕ ಮಡಚು. ಉಂಬಾಗ ಮುಂದ, ದುಡಿಯಾಗ ಹಿಂದ! ಥೇಟ್ ನನ್ನ ಅಳಿಯ ನೋಡು ನೀ.”

“ಆಯಿ, ನಿಮ್ಮ ಅಳಿಯ ಹೊರಗೇ ಕುಂತಾರ್ರಿ,” ಎಂದರು ಮೇಡಂ.

“ಕೇಳ್ಲಿ ಅಂತೇ ಹೇಳಾಕತ್ತೀನವಾ.”

ನಾನು ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದೆ. ಒಂದು ದಿನ ತಡೆಯಲು ಆಗಲಿಲ್ಲ. ಪರದೆಯ ಆಚೆ ಸದ್ದು ನಿಂತಿತು. “ಯಾರವಾ ಆ ಕಡಿ? ಇಷ್ಟ ದಿನ ಉಸರೇ ಇರಲಿಲ್ಲ. ಯಾವೂರು?” ಇಲ್ಲೇ ರೀ, ಎಂದೆ. “ಇಲ್ಲೇ ಅಂದ್ರ ಎಲ್ಲಿ?” ನಾನು ಮುಖಕ್ಕೆ ದುಪಟ್ಟಾ ಎಳೆದುಕೊಂಡೆ. ಅವಳು ದನಿ ತಗ್ಗಿಸಿ ಅಂದಳು: “ಹೇಳಬ್ಯಾಡ ಬಿಡು. ಲಗ್ನ ಆಗದ ಹುಡುಗಿ ಕಾಲು ಪರ ಊರಾಗೇ ಮಡಚಬೇಕು.” ಅಂದಿನಿಂದ ಅವಳು ನನ್ನ ಹೆಸರನ್ನೂ ಕೇಳಲಿಲ್ಲ, ಊರನ್ನೂ ಕೇಳಲಿಲ್ಲ. ನಾನೂ ಅವಳನ್ನು ಕೇಳಲಿಲ್ಲ. ಪರದೆ ಸರಿಸಿಟ್ಟು, ಕಾಲಿನ ಮೇಲೆ ಶಾಖದ ಚೀಲ ಹೊತ್ತು ಅಕ್ಕಪಕ್ಕ ಮಲಗಿರುತ್ತಿದ್ದೆವು.

ಮಾತೆಲ್ಲ ಅವಳದೇ. ಗಂಡ ಹೋದ ಮೇಲೆ ಅವಳು ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಳು. ಚಿಕಿತ್ಸೆಗೆಂದು ಹುಮನಾಬಾದಿನ ಮಗಳ ಮನೆಗೆ ಬಂದಿದ್ದಳು. ತಮ್ಮನ ಮನೆಯ ಹೆಂಗಸರೆಲ್ಲ ಅಡುಗೆಮನೆಯಲ್ಲಿ ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಾರೆ. ಬಿದ್ದ ಮೇಲೆ ಇವಳಿಗೊಬ್ಬಳಿಗೆ ಗೋಡೆಯ ಬದಿಗೆ ಖುರ್ಚಿ ಹಾಕಿ, ಎದುರಿನ ಸ್ಟೂಲಿನ ಮೇಲೆ ತಾಟು ಇಡುತ್ತಿದ್ದರು.

“ಹೊಟ್ಟಿ ತುಂಬತದವಾ, ಅದಕ್ಕೇನಿಲ್ಲ,” ಎಂದಿದ್ದಳು. “ಖರೇ, ಅವರೆಲ್ಲ ಕೆಳಗ ಕುಂತು ಏನೋ ಅಂದು ನಗತಾರ. ನನಗ ಮ್ಯಾಲ ಕೇಳಂಗಿಲ್ಲ. ಯಾಕ ನಕ್ಕರೀ ಅಂದ್ರ, ‘ಏನಿಲ್ಲ, ನೀವು ಉಣ್ರಿ’ ಅಂತಾರ. ಮಠದಾಗರ ಅಯ್ಯಗೋಳೇ ನೆಲಕ್ಕ ಕುಂತಿರ್ತಾರ, ನಾ ಒಬ್ಬಾಕಿ ಮ್ಯಾಲ! ಶರಮ್ ಆಗತದ.”

ಮೇಡಂ ಖುರ್ಚಿಯೇ ಒಳ್ಳೆಯದು ಎಂದು ಹೇಳಿ ನೋಡಿದರು. ಆಯಿ ಕೇಳಲಿಲ್ಲ. ಕೀಲಿನ ಸವೆತ ಹೆಚ್ಚಿಲ್ಲ, ಬಿಗಿತವೇ ಹೆಚ್ಚು ಎಂದು ಖಾತ್ರಿಯಾದ ಮೇಲೆ, ದಿನಕ್ಕೊಮ್ಮೆ ಉಣ್ಣುವಷ್ಟು ಹೊತ್ತು ಕೂರಬಹುದೆಂದು ಒಪ್ಪಿ, ಇಳಿಯುವ ರೀತಿ ಕಲಿಸಿದರು. ಗಿಡ್ಡ ಸ್ಟೂಲಿಗೆ ಕೈ ಊರಿ, ಮೊದಲು ಒಳ್ಳೆಯ ಮಂಡಿ ನೆಲಕ್ಕೆ, ಆಮೇಲೆ ಸೊಂಟ ಹೊರಳಿಸಿ ಕೂರುವುದು. ಅವಳು ಮೊದಲ ಸಲ ಕೂತ ದಿನ ಇಡೀ ಕ್ಲಿನಿಕ್ಕಿಗೆ ಕೇಳುವಂತೆ ನನ್ನನ್ನು ಕರೆದಳು. ಚಾಪೆಯ ಮೇಲೆ ಒಂದು ಮಂಡಿ ಸ್ವಲ್ಪ ಮೇಲೆದ್ದಂತೆ, ಸೆರಗು ತಲೆ ತುಂಬ ಹೊದ್ದು ಕೂತಿದ್ದಳು. ಮುಖ ಬೆವರಿತ್ತು.

“ನೋಡಿದಿಲ್ಲೋ? ಏಳಾಕ ಬರ್ತದೋ ಇಲ್ಲೋ ಅದು ಆಮ್ಯಾಲಿನ ಮಾತು.”

ಎದ್ದಳು ಕೂಡ. ಮುಂದಿನ ವಾರ ತಮ್ಮನ ಮಗನಿಗೆ ಹೆಣ್ಣು ನೋಡಲು ಹೋಗುವುದಿತ್ತು. ಮನೆಯ ಹೆಂಗಸರೆಲ್ಲ ಬರುತ್ತಾರೆ, ಅವರ ನಡುವೆಯೇ ಜಮಖಾನದ ಮೇಲೆ ಕೂತು ತೋರಿಸುತ್ತೇನೆ ಎಂದಳು. “ನಮ್ಮ ತಮ್ಮನ ಹೆಂಡತಿ ಕಣ್ಣು ಕಿತ್ತು ಕೈಯಾಗ ಬರಬೇಕು, ನೋಡವಾ!” ನಾನು ನಕ್ಕೆ. ನನ್ನನ್ನು ನೋಡಲು ಬರುವವರೂ ಅದೇ ವಾರ ಬರುವವರಿದ್ದರು. ಹುಡುಗ ಬೀದರಿನಲ್ಲಿ ಮಾಸ್ತರ ಎಂದಷ್ಟೇ ಅಪ್ಪ ಹೇಳಿದ್ದರು. ಮನೆತನ ಮುಡಬಿ ಕಡೆಯದೆಂದು ಹೇಳಿದ್ದರೋ ಏನೋ, ನನ್ನ ತಲೆಗೆ ಹೋಗಿರಲಿಲ್ಲ…

ಆ ದಿನ ಅವ್ವ ಬೆಳಿಗ್ಗೆಯಿಂದಲೇ ನನಗೆ ತಾಲೀಮು ಮಾಡಿಸಿದ್ದಳು. ಕಾಲು ಮುಟ್ಟುವಾಗ ಮಂಡಿ ಮಡಚಬೇಡ, ಸೊಂಟದಿಂದ ಬಾಗು. ಕೂರು ಎಂದರೆ ಬಾಗಿಲ ಬಳಿಯ ದಿವಾನದ ಮೇಲೆ ಕೂರು. ಆದರೆ ಬಂದವರ ಮಕ್ಕಳು ದಿವಾನ ಹಿಡಿದುಬಿಟ್ಟಿದ್ದರು. ನಾನು ಚಹಾ, ಮಂಡಕ್ಕಿ ಸುಸಲಾದ ತಾಟು ಹಿಡಿದು ಒಳಕೋಣೆಗೆ ಬಂದಾಗ ಹೆಂಗಸರೆಲ್ಲ ಜಮಖಾನದ ಮೇಲೆ ಕೂತಾಗಿತ್ತು. ಒಬ್ಬಳು ಮಾತ್ರ ಗೋಡೆಗೆ ಕೈ ಕೊಟ್ಟು, ಜಮಖಾನದ ಅಂಚಿಗೆ ನಿಂತು, ನೆಲಕ್ಕೆ ಇಳಿಯಲು ಸೊಂಟ ಬಗ್ಗಿಸಿದ್ದಳು. ತಲೆ ಎತ್ತಿದಳು. ಆಯಿ.

ಅವಳ ಮುಖದಲ್ಲಿ ಮೊದಲು ಬಂದದ್ದು ಖುಷಿ. ಏನೋ ಹೇಳಲು ಬಾಯಿಯನ್ನೂ ತೆರೆದಳು. ಅಷ್ಟರಲ್ಲಿ ಹುಡುಗನ ತಾಯಿ, ಅಂದರೆ ಆಯಿಯ ತಮ್ಮನ ಹೆಂಡತಿ, ಪಕ್ಕದಲ್ಲಿ ಜಾಗ ಮಾಡಿ ನನ್ನ ಕೈ ಹಿಡಿದರು. “ಬಾರವಾ, ತಾಟು ಇಲ್ಲಿಡು. ನಮ್ಮ ಬಾಜೂಕ ಕುಂದ್ರು.”

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನನ್ನ ಕಾಲು ಅಷ್ಟು ಮಡಚುವುದಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಮೂವರಿಗೆ. ಆಯಿ ಬಗ್ಗಿಸಿದ ಸೊಂಟವನ್ನು ಮೆಲ್ಲಗೆ ನೆಟ್ಟಗೆ ಮಾಡಿದಳು.

“ಖುರ್ಚಿ ತರ್ರಿ,” ಎಂದಳು. “ನನಗ ಕೆಳಗ ಆಗಂಗಿಲ್ಲ. ಸಾಯೂತನಾ ನೆಲಕ್ಕ ಕುಂದ್ರಬ್ಯಾಡ ಅಂದಾರ ಡಾಕ್ಟರು. ಎರಡ ತರ್ರಿ. ಹುಡುಗಿ ನನ್ನ ಕಿವಿ ಕಡಿ ಕುಂದ್ರಲಿ, ಈಕಿ ಮಾತು ನಾ ಕೇಳಬೇಕು.”

“ಅಯ್ಯ ಅಕ್ಕಾರ,” ಎಂದರು ಹುಡುಗನ ತಾಯಿ, “ಮನ್ಯಾಗಿಂದ ಹೊಂಟಾಗ ‘ಇವತ್ತ ನೋಡ್ರಿ ನನ್ನ’ ಅಂದವ್ರು ನೀವಲ್ಲೇನು? ಇಷ್ಟ ದಿನ ಹುಮನಾಬಾದ ತಿರಗಿದ್ದು ಇದಕ್ಕೇನು?”

ಹೆಂಗಸರೆಲ್ಲ ನಕ್ಕರು. ಆಯಿಯೂ ನಕ್ಕಳು. “ನೋಡಿದಿ ಬಿಡು. ಇಷ್ಟೇ ನಾ.”

ಎರಡು ಖುರ್ಚಿ ಬಂದವು. ನಾವಿಬ್ಬರೂ ಎಲ್ಲರಿಗಿಂತ ಎತ್ತರದಲ್ಲಿ, ಗೋಡೆಗೆ ಒರಗಿ ಕೂತೆವು. ಅವಳು ನನ್ನ ಹೆಸರು ಕೇಳಿದಳು, ಮೊದಲ ಸಲ. ಹೇಳಿದೆ. ಛಲೋ ಹೆಸರು, ಎಂದಳು. ಸುಸಲಾದ ತಾಟನ್ನು ತೊಡೆಯ ಮೇಲಿಟ್ಟುಕೊಂಡು ತಿಂದಳು. ನಾನು ಅವಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅತ್ತುಬಿಡುತ್ತಿದ್ದೆನೋ ಏನೋ…

ಅವರು ಎರಡೇ ದಿನಕ್ಕೆ ಒಪ್ಪಿಗೆ ಹೇಳಿ ಕಳಿಸಿದರು. ನಾನು ಬೇಡವೆಂದೆ. ಹುಡುಗ ಚೆನ್ನಾಗಿದ್ದ, ಮನೆತನ ಚೆನ್ನಾಗಿತ್ತು. ಅಪ್ಪ ಕಾರಣ ಕೇಳಿದರು, ಅವ್ವ ಅತ್ತಳು. ನಾನು ಕಾರಣ ಹೇಳಲಿಲ್ಲ. ಆ ಮನೆಗೆ ನಾನು ಸೊಸೆಯಾಗಿ ಹೋದರೆ, ಪ್ರತಿ ಊಟಕ್ಕೂ ಆಯಿ ನನಗಾಗಿ ಆಡಿದ ಆ ಮಾತನ್ನು ಉಳಿಸಿಕೊಂಡು ಖುರ್ಚಿಯ ಮೇಲೆ ಕೂರಬೇಕು, ಕಾಲು ಸರಿಹೋದ ಮೇಲೆ ನಾನು ಕೆಳಗೆ ಕೂತು ಅದನ್ನು ನೋಡಬೇಕು. ಅದು ನನ್ನಿಂದ ಆಗುತ್ತಿರಲಿಲ್ಲ. ನಾನು ಹೋಗದಿದ್ದರೆ ಅವಳು ಬಿಡುಗಡೆಯಾಗುತ್ತಾಳೆ ಎಂದುಕೊಂಡಿದ್ದೆ.

ಮುಂದಿನ ವಾರ ಆಯಿ ಕ್ಲಿನಿಕ್ಕಿಗೆ ಬಂದಳು. ಪರದೆ ಸರಿಸಲಿಲ್ಲ. ಆ ಕಡೆಯಿಂದಲೇ ಕೇಳಿದಳು: “ಬ್ಯಾಡ ಅಂದಿಯಂತಲ್ಲವಾ?”

“ಹೌದ್ರಿ.”

“ನಾ ನಡುವ ಬಾಯಿ ಹಾಕಿದ್ದು ತಪ್ಪಾತೇನು?”

“ಇಲ್ರಿ,” ಎಂದೆ. ಅಷ್ಟೇ ಎಂದೆ. ನಿಮ್ಮ ಸಲುವಾಗಿಯೇ ಬೇಡವೆಂದೆ ಎಂದು ಹೇಳಲಿಲ್ಲ. ನಾನು ಮೊದಲಿನಿಂದಲೂ ಒಳಗಿನದನ್ನು ಹೊರಗೆ ಹಾಕುವವಳಲ್ಲ; ಅಂದು ಅದು ನನಗೆ ಗುಣವಾಗಿ ಅಲ್ಲ, ರೋಗವಾಗಿ ಕಂಡಿತು. ಆ ದಿನ ಆಯಿ ಕಾಲನ್ನು ಬೈಯಲಿಲ್ಲ. ಕೆಲವು ದಿನಗಳ ಮೇಲೆ ಬರುವುದನ್ನು ನಿಲ್ಲಿಸಿದಳು. ಊರಿಗೆ ಹೋದರಂತೆ, ಎಂದರು ಮೇಡಂ.

ನನ್ನ ಮೊಣಕಾಲು ನಿಧಾನವಾಗಿ ಸರಿಹೋಯಿತು. ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮದುವೆ ಆಗಲಿಲ್ಲ, ಅದು ಬೇರೆ ಕತೆ, ಕಾಲಿಗೂ ಅದಕ್ಕೂ ಸಂಬಂಧವಿಲ್ಲ.

ಅವ್ವನ ಹೆಗಲ ಮೇಲೆ ಆ ಚೀಲ ಇಟ್ಟ ದಿನ ಸಂಜೆ ಹುಮನಾಬಾದಿನ ಮೇಡಂಗೆ ಫೋನ್ ಮಾಡಿದೆ. ಆಯಿ ತೀರಿಹೋಗಿ ವರ್ಷವಾಗುತ್ತ ಬಂತು ಎಂದರು. ಆಯಿಯ ಮಗಳು ಬಂದು ವರ್ಷದ ದಾಸೋಹದ ಊಟಕ್ಕೆ ಹೇಳಿ ಹೋಗಿದ್ದಳಂತೆ. ದಿನ ಕೇಳಿಕೊಂಡೆ. ಮನೆಯಲ್ಲಿ ಯಾರಿಗೂ ಹೇಳದೆ ಆಯಿಯ ಊರಾದ ಮುಡಬಿಯ ಬಸ್ಸು ಹತ್ತಿದೆ.

ಅಂಗಳದಲ್ಲಿ ಪೆಂಡಾಲು, ನೆಲದ ಮೇಲೆ ಉದ್ದ ಪಟ್ಟೆ ಹಾಸಿ ಸಾಲು ಕೂರಿಸಿದ್ದರು. ನಾನೂ ಕೂತೆ. ಹುಗ್ಗಿ ಬಡಿಸುತ್ತ ಬಂದವರು ಹುಡುಗನ ತಾಯಿಯೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಲಿಲ್ಲ. ಯಾವೂರವಾ ಎಂದರು. ಹುಮನಾಬಾದಿನ ಆಸ್ಪತ್ರೆಯಲ್ಲಿ ಆಯಿಯ ಪಕ್ಕದ ಮಂಚದವಳು ಎಂದೆ.

“ಪಾಪ, ಎಷ್ಟ ತಿರಗಿದ್ರು. ಏನೂ ಉಪಯೋಗ ಆಗಲಿಲ್ಲ,” ಎಂದರು. “ಕಡೀತನಾ ಖುರ್ಚಿ ಮ್ಯಾಲೇ ಉಂಡ್ರು. ಕೆಳಗ ಕುಂದ್ರಬ್ಯಾಡ ಅಂದಿದ್ರಂತ ಡಾಕ್ಟರು, ನಾಕ ಮಂದಿ ಮುಂದ ತಾವೇ ಹೇಳಿದ್ರು. ಒಮ್ಮೊಮ್ಮೆ ದೇವರ ಮನಿ ಬಾಗಲಾ ಅರ್ಧ ಮುಚ್ಚಿ, ಒಳಗ ಕೆಳಗ ಕುಂತಂಗ ಕಾಣಿಸ್ತಿತ್ತು ನನಗ. ಕೇಳಿದ್ರ, ಇಲ್ಲವಾ, ನನಗೆಲ್ಲಿ ಆಗತದ ಅಂತಿದ್ರು.”

ನಾನು ಹೋಗದಿದ್ದ ಮನೆಯಲ್ಲಿಯೂ ಅವಳು ಆ ಮಾತನ್ನು ಉಳಿಸಿಕೊಂಡಿದ್ದಳು. ಕೆಳಗೆ ಕೂತರೆ, ಅಂದು ಆ ಹುಡುಗಿಯ ಮನೆಯಲ್ಲಿ ಯಾಕೆ ಕೂರಲಿಲ್ಲ ಎಂದು ಯಾರಾದರೂ ಕೇಳುತ್ತಾರಲ್ಲ.

“ಅವರಿಗೆ ಕುಂದ್ರಾಕ ಬರ್ತಿತ್ತರಿ,” ಎಂದೆ. “ನಾ ಕಣ್ಣಾರೆ ನೋಡೀನಿ.”

“ಮತ್ತ ನಮ್ಮ ಬಾಜೂಕ ಯಾಕ ಕುಂದ್ರಲಿಲ್ಲವಾ?”

“ನನ್ನ ಸಲುವಾಗಿರಿ. ನೀವು ಬಸವಕಲ್ಯಾಣಕ್ಕ ನೋಡಾಕ ಬಂದಿದ್ರಲ್ಲ, ಆ ಹುಡುಗಿ ನಾ. ನನ್ನ ಕಾಲು ಆಗ ಮಡಚತಿದ್ದಿಲ್ಲ. ಅವರಿಗೆ ಅದು ಗೊತ್ತಿತ್ತು.”

ಅವರು ಸೌಟು ಹಿಡಿದು ನಿಂತೇ ಇದ್ದರು. ನನ್ನ ಮುಖ ನೋಡಿದರು, ಆಮೇಲೆ ಮಡಚಿದ ನನ್ನ ಕಾಲು ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅಷ್ಟಕ್ಕೇನು?” ಎಂದರು, ಮೆಲ್ಲಗೆ. “ಕಾಲು ನೋವಂದ್ರ ಖುರ್ಚಿ ಕೊಡ್ತಿದ್ವಿ. ನಾವೇನು ಹುಲಿ ಏನವಾ?”

ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಇನ್ನೊಂದು ಸೌಟು ಹುಗ್ಗಿಯನ್ನು ನಾನು ಬೇಡ ಎನ್ನುವ ಮೊದಲೇ ಬಡಿಸಿ, ಅವರು ಮುಂದಿನವರ ಕಡೆ ಹೋದರು. ಊಟ ಮುಗಿಸಿ ಸಾಲಿನವರೆಲ್ಲ ಎದ್ದರು. ಎಲ್ಲರೂ ಎದ್ದು ಹೋದ ಮೇಲೂ ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ, ನೆಲದ ಮೇಲೆ, ಕಾಲು ಮಡಚಿಕೊಂಡು.