ಕೊಬ್ಬರಿ ಎಣ್ಣೆ ಹಚ್ಚಿದ ಸ್ಕ್ರೂ

ನನ್ನ ಕೈಚೀಲದಲ್ಲಿ ಥರ್ಮಾಮೀಟರು, ಸೂಜಿ, ಹೊಲಿಗೆಯ ದಾರಗಳ ನಡುವೆ ಹೆಬ್ಬೆರಳು ಗಾತ್ರದ ಒಂದು ಗಮ್ಮಿನ ಬಾಟಲಿ ಇರುವುದನ್ನು ಕಂಡವರು, ದನದ ಡಾಕ್ಟರಿಗೆ ಇದೇಕೆ ಎಂದು ನಗುವುದುಂಟು. ಇದು ಕಾಗದ ಅಂಟಿಸುವ ಗಮ್ಮಲ್ಲ ಸ್ವಾಮಿ. ಸ್ಕ್ರೂವಿನ ಥ್ರೆಡ್ಡಿಗೆ, ಅಂದರೆ ಅದರ ಸುರುಳಿ ಗೆರೆಗೆ, ಒಂದು ಹನಿ ಹಾಕಿ ಬಿಗಿದರೆ, ಎಂಥ ಕುಲುಕಾಟಕ್ಕೂ ಸಡಿಲವಾಗದಂತೆ ಹಿಡಿದುಕೊಳ್ಳುವ ನೀಲಿ ಗಮ್ಮು. ಗಾಳಿಯಾಡುವ ಕಡೆ ಎಷ್ಟು ಕಾಲವಾದರೂ ನೀರಾಗಿಯೇ ಇರುವ ಇದು, ಎರಡು ಲೋಹಗಳ ನಡುವಿನ ಉಸಿರುಕಟ್ಟುವ ಇಕ್ಕಟ್ಟಿನಲ್ಲಿ ಸಿಕ್ಕಿದಾಗ ಮಾತ್ರ ಗಟ್ಟಿಯಾಗುತ್ತದೆ. ಭಯದ ಗುಣವೂ ಇದೇ ಇರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾಲ್ಕು ಜನರ ಮುಂದೆ ಆಡಿಬಿಟ್ಟ ಭಯ ಹರಿದುಹೋಗುತ್ತದೆ, ಒಳಗೇ ಬಿಗಿದಿಟ್ಟದ್ದು ಕೂತುಬಿಡುತ್ತದೆ.

ನಾನು ಹುಟ್ಟು ಪುಕ್ಕಲ. ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ನಾಯಿ ಬೊಗಳಿದರೆ ದಾರಿ ಬದಲಿಸುವವನು. ಅಂಥವನ ಹಣೆಯಲ್ಲಿ, ಗುಬ್ಬಿ ಕುಣಿಗಲ್ ಕಡೆಯ ಊರುಗಳಿಗೆ ಚಿರತೆ ನುಗ್ಗಿದಾಗಲೆಲ್ಲ ಅರಿವಳಿಕೆ ಬಂದೂಕು ಹಿಡಿದು ಹೋಗುವುದು ಬರೆದಿತ್ತು ನೋಡಿ. ಬಂದೂಕಿನ ಮೇಲೆ ಗುರಿ ನೋಡುವ ಸ್ಕೋಪು ಕೂತಿರುತ್ತದೆ. ಜೀಪಿನ ಕುಲುಕಾಟಕ್ಕೆ ಅದರ ಪುಟ್ಟ ಸ್ಕ್ರೂಗಳು ಸಡಿಲವಾಗಿ, ಸ್ಕೋಪು ಕೂದಲೆಳೆಯಷ್ಟು ಜರುಗಿದರೂ ತೊಡೆಗೆ ಬೀಳಬೇಕಾದ ಮದ್ದಿನ ಸೂಜಿ ಹೊಟ್ಟೆಗೆ ನೆಟ್ಟೀತು, ಇಲ್ಲವೇ ಗೋಡೆಗೆ ಹೊಡೆದೀತು. ಆಮೇಲೆ ಕೆರಳಿದ ಚಿರತೆ ಯಾರ ಮೇಲೆ ಎರಗುತ್ತದೋ! ಆ ಭಯಕ್ಕೇ ಈ ಗಮ್ಮು.

ಈ ಗಮ್ಮಿಗೊಂದು ಮಡಿಯಿದೆ. ಥ್ರೆಡ್ಡಿಗೆ ಜಿಡ್ಡು ಸೋಕಿದ್ದರೆ ಅದಕ್ಕೆ ಮೈಲಿಗೆ, ಹಿಡಿಯುವುದೇ ಇಲ್ಲ. ಆದರೆ ನಮ್ಮ ಜೀಪಿನ ಡ್ರೈವರ್ ಸಿದ್ದಲಿಂಗನ ಮಡಿ ಬೇರೆ. ಹಣೆ ತುಂಬ ವಿಭೂತಿ ಧರಿಸಿ, ಸ್ಟೇರಿಂಗಿಗೆ ಕೈಮುಗಿಯದೆ ಜೀಪು ಹತ್ತದ ಮನುಷ್ಯ. ಆಯುಧಪೂಜೆಯ ಹಿಂದಿನ ದಿನ ನಾನು ಸ್ಕೋಪು ಬಿಚ್ಚಿ ಸ್ಕ್ರೂಗಳನ್ನು ತಟ್ಟೆಯಲ್ಲಿಟ್ಟಿದ್ದೆ. ಹಬ್ಬ ಮುಗಿದ ಮೇಲೆ ನೋಡಿದರೆ ಬಂದೂಕಿಗೆ ಕುಂಕುಮ, ಸ್ಕ್ರೂಗಳೆಲ್ಲ ಫಳಫಳ. ಕುಂಕುಮ ಒರೆಸಿ, ಗಮ್ಮು ಹಾಕಿ, ಬಿಗಿದಿಟ್ಟೆ.

ಕೆಲವು ದಿನಗಳಲ್ಲೇ ಹಾಗಲವಾಡಿಯ ಕಡೆಯಿಂದ ಕರೆ ಬಂತು. ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ಒಂದು ತೋಟದ ಮನೆಯ ಕೊಬ್ಬರಿ ಕೊಟ್ಟಿಗೆಗೆ ನುಗ್ಗಿತ್ತು, ಜನ ಹೊರಗಿನಿಂದ ಅಗುಳಿ ಹಾಕಿದ್ದರು. ಹಾಕಿದ ಮೇಲೆ ನೆನಪಾಯಿತಂತೆ, ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ ಆ ಮನೆಯ ಸೊಸೆ ಗೌರಮ್ಮ ಎಳೆಗೂಸಿನೊಂದಿಗೆ ಮಲಗಿದ್ದಾಳೆಂದು. ಕೋಣೆಯ ಬಾಗಿಲು ತೆರೆಯುವುದೂ ಕೊಟ್ಟಿಗೆಯೊಳಕ್ಕೇ. ಅವಳೇನೋ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು, ಆದರೆ ನಡುಗೋಡೆ ಹೆಂಚಿನವರೆಗೆ ಮುಟ್ಟಿರಲಿಲ್ಲ. ತೆಂಗಿನಕಾಯಿ ಪೇರಿಸಿದ ಅಟ್ಟ ಹತ್ತಿದರೆ ಚಿರತೆಗೆ ಆ ಗೋಡೆ ಒಂದು ನೆಗೆತ. ಕಿಟಕಿಯ ಸರಳು ಕೀಳೋಣವೆಂದರೆ ಸದ್ದಿಗೇ ಅದು ಹಾರೀತು. ಕಿಟಕಿಯಲ್ಲಿ ಗೌರಮ್ಮನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

“ಅಣ್ಣಾ, ಮಗು ಎದ್ರೆ ಅಳ್ತದೆ,” ಎಂದಳು, ತುಟಿಯಲ್ಲೇ. “ಏನಾರ ಮಾಡ್ರಣ್ಣ.”

ಸಿದ್ದಲಿಂಗ ಏಣಿ ಹಿಡಿದ. ನಾನು ಹತ್ತಿ, ಹೆಂಚು ಸರಿಸಿ, ಅಭ್ಯಾಸದಂತೆ ಸ್ಕೋಪನ್ನೊಮ್ಮೆ ಬೆರಳಲ್ಲಿ ಅಲುಗಿಸಿದೆ. ಬೀಳಲಿರುವ ಹಾಲುಹಲ್ಲಿನಂತೆ ಅದು ಅತ್ತಿತ್ತ ಆಡಿತು. ಸ್ಕೋಪು ಸಡಿಲವಾಗಿದೆ ಕಣೋ ಎಂದು ಪಿಸುಗುಟ್ಟಿದರೆ, ಕೆಳಗೆ ಅವನ ಮುಖ ವಿಭೂತಿಗಿಂತ ಬಿಳುಪಾಯಿತು.

“ಹಬ್ಬದಲ್ಲಿ ಆ ಸ್ಕ್ರೂಗೆಲ್ಲ ಕೊಬ್ಬರಿ ಎಣ್ಣೆ ಸವರಿದ್ದೆ ಸಾರ್. ತುಕ್ಕು ಹಿಡಿಬಾರ್ದು ಅಂತ.”

ಈಗ ಬಿಗಿದರೂ ಮತ್ತೆ ಗುರಿ ಹೊಂದಿಸಿ ನೋಡಲು ಹೊತ್ತಿರಲಿಲ್ಲ. ಸ್ಕ್ರೂಗಳನ್ನು ಬಿಚ್ಚಿ ಸ್ಕೋಪನ್ನು ಅವನ ಕೈಗೆ ಇಳಿಸಿದೆ. ಇನ್ನು ಬರಿಗಣ್ಣಿನಲ್ಲೇ ಗುರಿ ಹಿಡಿಯಬೇಕು, ಅಂದರೆ ಹತ್ತಿರ ಹೋಗಬೇಕು. ಮತ್ತಷ್ಟು ಹೆಂಚು ತೆಗೆದು ತಲೆ, ಭುಜ, ಬಂದೂಕು ಎಲ್ಲವನ್ನೂ ಒಳಕ್ಕೆ ತೂರಿಸಿದೆ. ಸ್ಕೋಪಿನಲ್ಲಿ ನಾನು ನೋಡುತ್ತಿದ್ದುದು ಯಾವಾಗಲೂ ಒಂದು ತುಂಡು ತೊಡೆ ಮಾತ್ರ. ಅಂದು ಇಡೀ ಚಿರತೆ ಕಂಡಿತು, ಅದಕ್ಕೂ ನಾನು ಕಂಡೆ. ಅದರ ಪಕ್ಕೆಗಳು ಏರಿಳಿಯುತ್ತಿದ್ದವು. ಅದೂ ಹೆದರಿತ್ತು, ಮತ್ತು ಹೆದರಿದ್ದೇ ಹೆಚ್ಚು ಅಪಾಯವೆಂದು ನನಗೆ ಗೊತ್ತಿತ್ತು. ಬಂದೂಕಿನ ಕುದುರೆ ಎಳೆದೆ.

ಸೂಜಿ ತೊಡೆಗೇ ನೆಟ್ಟಿತು. ಆದರೆ ಮದ್ದು ತಲೆಗೇರಲು ಹೊತ್ತು ಬೇಕಲ್ಲ. ಅದರ ಗರ್ಜನೆಗೆ ಮಗು ಎದ್ದು ಕಿರುಚಿತು. ಚಿರತೆ ಅಟ್ಟಕ್ಕೆ ನೆಗೆಯಿತು, ಕಾಯಿಗಳು ದಡದಡ ಉರುಳಿದವು, ಮುಂಗಾಲೆರಡೂ ನಡುಗೋಡೆಯ ಮೇಲೆ ಬಂದವು. ಇನ್ನೊಂದು ಸೂಜಿ ತುಂಬಲು ನನ್ನ ಕೈ ಏಳಲಿಲ್ಲ. ಬೇಡಿಕೊಳ್ಳಲು ಒಂದು ದೇವರ ಹೆಸರೂ ನೆನಪಾಗಲಿಲ್ಲ. ಅಷ್ಟರಲ್ಲಿ ಮದ್ದು ಹತ್ತಿ, ಚಿರತೆ ಹಾಗೇ ಗೋಡೆಗೆ ಗದ್ದ ಊರಿ, ಕಣ್ಣು ಅರೆತೆರೆದು, ಮೆಲ್ಲನೆ ಕೊಟ್ಟಿಗೆಯ ಕಡೆಗೇ ಜಾರಿತು.

ಅರಣ್ಯ ಇಲಾಖೆಯವರು ಚಿರತೆಗೆ ಬಲೆ ಹಾಕಿ ಹೊತ್ತೊಯ್ದ ಮೇಲೆ ಗೌರಮ್ಮ ಹೊರಬಂದು, ಅಳುತ್ತಿದ್ದ ಮಗುವನ್ನು ನನ್ನೆದುರು ಹಿಡಿದು, ತಲೆ ಮುಟ್ಟಿ ಹರಸಣ್ಣ ಎಂದಳು. ಕೈ ನೀಡಲು ಹೋದೆ, ಆಗಲಿಲ್ಲ. ಬಂದೂಕು ಹಿಡಿದ ಬೆರಳುಗಳು ಬಿಚ್ಚಲೇ ಇಲ್ಲ. ಸಿದ್ದಲಿಂಗ ಹತ್ತಿರ ಬಂದು ಒಂದೊಂದಾಗಿ ಅವನ್ನು ಬಿಡಿಸತೊಡಗಿದ.

“ಬುಡಿ ಸಾರ್,” ಎಂದ. “ಆಯ್ತು. ಬುಡಿ.”