ಮಟಮಟ ಮಧ್ಯಾಹ್ನದ ಫ್ಲ್ಯಾಶ್

ಕಳೆದ ತಿಂಗಳು ಹೊಗೆನಕಲ್‌ನಲ್ಲಿ, ಮೀನು ಹುರಿಯುವ ಎಣ್ಣೆಯ ಹೊಗೆಯ ನಡುವೆ ನಿಂತಿದ್ದೆ. ಪಕ್ಕದಲ್ಲೊಬ್ಬಳು ಟೋಪಿ ಹಾಕಿದ ತನ್ನಪ್ಪನ ಫೋಟೋ ತೆಗೆಯುತ್ತಿದ್ದಳು. ನೆತ್ತಿ ಸುಡುವ ಬಿಸಿಲು. ಆದರೂ ಕ್ಯಾಮೆರಾದ ಫ್ಲ್ಯಾಶ್ ಹಾಕಿದಳು. ಟೋಪಿಯ ಕೆಳಗೆ ಕಪ್ಪಾಗಿದ್ದ ಮುಖದಲ್ಲಿ ಕಣ್ಣು, ಹುಬ್ಬು, ನಗು ಎಲ್ಲ ಎದ್ದು ಬಂದವು. ನಾನು ಮೀನಿನ ತಟ್ಟೆ ಕೆಳಗಿಟ್ಟೆ. ಹರೂರಿನ ಫೋಟೋ ಸ್ಟುಡಿಯೋ ಅಣ್ಣ ನೆನಪಾದರು...

ನಮ್ಮೂರಿನ ಮದುವೆ, ನಾಮಕರಣಗಳಿಗೆಲ್ಲ ಮೊಪೆಡ್ಡಿನಲ್ಲಿ ಅವರೇ ಬರುತ್ತಿದ್ದರು. ಮನೆಯೊಳಗೆ ಎಷ್ಟೇ ಮಬ್ಬಿದ್ದರೂ ಫ್ಲ್ಯಾಶ್ ಮುಟ್ಟುತ್ತಿರಲಿಲ್ಲ. ಬಾಗಿಲ ಹತ್ತಿರ ಕೂರಿಸಿ, ಯಾರ ಕೈಗಾದರೂ ತಮ್ಮ ಬಿಳಿ ಟವೆಲ್ ಕೊಟ್ಟು ಹಿಡಿಸಿ, ಅದರ ಬೆಳಕು ಕೆನ್ನೆಗೆ ಬೀಳುವವರೆಗೆ ಕಾಯುತ್ತಿದ್ದರು. ಸುಡುಬಿಸಿಲಿಗೆ ಬಂದರೆ ಮಾತ್ರ ಫ್ಲ್ಯಾಶ್ ಸಿಕ್ಕಿಸುತ್ತಿದ್ದರು. ಶುದ್ಧ ಅಸಂಬದ್ಧ ಎಂದು ನನ್ನ ತೀರ್ಮಾನ. ಸೇಲಂ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದ ಕಾಲ ಅದು. ಎದುರಾಳಿಯ ಎರಡು ಮಾತು ಹಿಡಿದು ಒಂದಕ್ಕೊಂದು ಡಿಕ್ಕಿ ಹೊಡೆಸಿದರೆ ಗೆದ್ದ ಹಾಗೆ ಎಂದು ನಂಬಿದ್ದೆ.

ಆ ವರ್ಷ ಮನೆಯಲ್ಲಿ ನೆಂಟರು ಸೇರಿದ್ದ ಒಂದು ದಿನ. ನಮ್ಮ ತಾತ ಮರುದಿನ ಕುರಿ ಹೊಡೆದುಕೊಂಡು ಕೊಳತ್ತೂರಿನ ಕಡೆ ಮೇವಿಗೆ ಹೊರಡುವವನಿದ್ದ. ಹೋಗುವ ಮುಂಚೆ ಕುರಿಗಳ ಜೊತೆ ಒಂದು ಫೋಟೋ ಬೇಕೆಂದು ಅವನಾಗಿಯೇ ಕೇಳಿದ್ದ. ಹಿಂದೆಂದೂ ಹಾಗೆ ಕೇಳಿದವನಲ್ಲ. ಸ್ಟುಡಿಯೋ ಅಣ್ಣ ಬಂದಾಗ ಮಟಮಟ ಮಧ್ಯಾಹ್ನ. ತಾತನ ದೊಡ್ಡ ರುಮಾಲು ಮುಖದ ಮೇಲೆ ಮೂಗಿನವರೆಗೂ ನೆರಳು ಚೆಲ್ಲಿತ್ತು.

"ತಾತಾ, ರುಮಾಲ್ ಒಸಿ ತಗೀತೀರಾ?" ಎಂದರು ಅಣ್ಣ.

"ರುಮಾಲ್ ಬಿಚ್ಚಕ್ಕೆ ಇಲ್ಲಿ ಯಾರ್ಲಾ ಸತ್ತವ್ರೆ?" ಎಂದ ತಾತ. ದೇವರ ಮುಂದೆ, ಸಾವಿನ ಮನೆಯಲ್ಲಿ ಬಿಟ್ಟರೆ ಅವನು ಅದನ್ನು ತೆಗೆದವನಲ್ಲ.

ಹಾಗಾದರೆ ಮರದ ನೆರಳಿಗೆ ಬನ್ನಿ, ಅಲ್ಲಿ ಫ್ಲ್ಯಾಶ್ ಬೇಡ. ಇಲ್ಲೇ ಆದರೆ ಬೇಕು ಎಂದರು ಅಣ್ಣ. ನಾನು ಕಾಯುತ್ತಿದ್ದದ್ದೇ ಆ ಮಾತಿಗೆ.

"ಬಿಸ್ಲಲ್ಲಿ ಲೈಟ್ ಬೇಕು, ನೆಳ್ಳಲ್ಲಿ ಬ್ಯಾಡ! ಎರಡ್ರಲ್ಲಿ ಯಾವ್ದಣ್ಣಾ ಸುಳ್ಳು? ಸೂರ್ಯಂಗೇ ಟಾರ್ಚ್ ಬಿಡ್ತೀರಾ?"

ನೆಂಟರೆಲ್ಲ ಗೊಳ್ಳೆಂದರು. "ವಕೀಲ್ನಂಗೆ ಕೇಳ್ತಾನೆ ನೋಡ್ಲಾ" ಎಂದು ಚಿಕ್ಕಪ್ಪ ನನ್ನ ಬೆನ್ನು ತಟ್ಟಿದ. ನಾನು ಇನ್ನೂ ಹಾರಾಡಿದೆ. ಓದು ಬರದವರ ಮುಂದೆ ಇದೆಲ್ಲ ಬರೀ ಶೋ ಎಂದೂ ಅಂದೆ.

ಅಣ್ಣನ ಮುಖ ಕೆಂಪಾಯಿತು. "ನ್ಯಾಯ ಎಲ್ಲಾ ನಂಗೊತ್ತಿಲ್ಲ ತಂಬಿ. ತಾತನ ಕಣ್ಣು ಕಾಣ್ತೈತಾ, ಒಂದ್ಸಲ ನೋಡು" ಎಂದರು. ನಾನು ನೋಡಲಿಲ್ಲ. ಕಣ್ಣೆದುರಿಗೇ ಇದ್ದದ್ದನ್ನು ನೋಡದೆ ವಾದ ಗೆದ್ದೆ. ಅವರು ಫ್ಲ್ಯಾಶ್ ಕಳಚಿ ಚೀಲಕ್ಕೆ ಹಾಕಿದರು, ಅದೇ ಬಿಸಿಲಲ್ಲಿ ಒಂದೇ ಒಂದು ಫೋಟೋ ತೆಗೆದು ಹೊರಟರು.

ಪ್ರಿಂಟ್ ಬಂದಾಗ ತಾತ ಊರಲ್ಲಿರಲಿಲ್ಲ. ಕೋಲು, ಕಂಬಳಿ, ಒಂದೊಂದು ಕುರಿಯ ಕಿವಿಯೂ ಸ್ಪಷ್ಟ. ರುಮಾಲಿನ ಕೆಳಗೆ ಮಾತ್ರ ಕಪ್ಪು. ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿಸಿದರೆ ಬೂದಿ ಎರಚಿದಂತಾಯಿತು. ಆಗಲೂ ನಾನು ಸೋಲಲಿಲ್ಲ. ಕ್ಯಾಮೆರಾ ಓಬೀರಾಯನ ಕಾಲದ್ದು ಎಂದು ಊರಿಗೆಲ್ಲ ಸಾಧಿಸಿ ತೋರಿಸಿದೆ. ಆಮೇಲೆ ನಮ್ಮೂರಿನವರು ಅವರನ್ನು ಕರೆಯುವುದು ನಿಂತೇ ಹೋಯಿತು...

ತಾತ ಕೊಳತ್ತೂರಿನಿಂದ ಜೀವಂತ ವಾಪಸ್ ಬರಲಿಲ್ಲ. ಆಧಾರ್ ಕಾರ್ಡಿನ ಫೋಟೋ ರುಮಾಲು ಬಿಚ್ಚಿಸಿ ತೆಗೆದದ್ದು. ಅದನ್ನು ಗೋಡೆಗೆ ಹಾಕಲು ಅಪ್ಪ ಒಪ್ಪಲಿಲ್ಲ. ಹಾಗಾಗಿ ಹಾರ ಬಿದ್ದದ್ದು ಈ ಕುರಿಗಳ ಜೊತೆಗಿನ ಫೋಟೋಗೇ. ಪ್ರತಿ ಅಮಾವಾಸ್ಯೆಗೂ ಅಮ್ಮ ಗಾಜಿನ ಮೇಲೆ ಕುಂಕುಮವಿಡಲು ಹೋಗಿ, ಆ ಕಪ್ಪಿನಲ್ಲಿ ಹಣೆ ಎಲ್ಲಿರಬಹುದೆಂದು ಬೆರಳಾಡಿಸಿ ಹುಡುಕುತ್ತಾಳೆ. ನಾನು ಆ ಹೊತ್ತಿಗೆ ಹೊರಗೆ ಹೋಗಿಬಿಡುತ್ತೇನೆ.

ಹೊಗೆನಕಲ್‌ನಿಂದ ಬಂದ ವಾರವೇ ಹರೂರಿಗೆ ಹೋದೆ. ಸ್ಟುಡಿಯೋ ಇದ್ದಲ್ಲಿ ಅವರ ಹೆಂಡತಿ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದರು. ಅಣ್ಣ ತೀರಿಕೊಂಡು ಎರಡು ವರ್ಷವಂತೆ. ಊರಿನ ಹೆಸರು ಹೇಳಿದೆ.

"ಅಯ್ಯೋ, ಆ ಕುರಿ ತಾತನ ಊರಾ?" ಎಂದರು ಅಕ್ಕ. "ಕಡೇವರ್ಗೂ ಅದನ್ನೇ ಅಂತಿದ್ರಪ್ಪಾ. ಯಾರೋ ಕಾಲೇಜ್ ಹುಡುಗ ನಕ್ಕ ಅಂತ ನಾನು ಲೈಟ್ ತಗದಿಟ್ನಲ್ಲಾ, ತಪ್ಪು ನಂದೇ ಅಂತ."

ಆ ಹುಡುಗ ನಾನೇ ಎಂದು ಹೇಳಬೇಕಿತ್ತು. ಒಂದೇ ವಾಕ್ಯ. ನಾನು ಪಾಪ ಎಂಬಂತೆ ತಲೆಯಾಡಿಸಿ, ಬೇಡದಿದ್ದ ಎರಡು ಝೆರಾಕ್ಸ್ ಮಾಡಿಸಿಕೊಂಡು, ಸೇಲಂ ಬಸ್ ಹತ್ತಿದೆ.