ನಾನು ಮೂರು ಎಂದಾಗ

ಬಳ್ಳಾರಿ ರಸ್ತೆಯ ಉದ್ದಕ್ಕೂ ಮೇಲ್ಸೇತುವೆಯ ಕಂಬಗಳು ಎದ್ದು ನಿಂತಿದ್ದವು, ಅವುಗಳ ಮೇಲೆ ರಸ್ತೆ ಇನ್ನೂ ಬಂದಿರಲಿಲ್ಲ. ಆ ವರ್ಷ ನಾನು ಜಾಲಹಳ್ಳಿಯ ಮನೆಯಿಂದ ದಿನಾ ಎರಡು ಬಸ್ಸು ಬದಲಿಸಿ ಹುಣಸಮಾರನಹಳ್ಳಿಗೆ ಹೋಗುತ್ತಿದ್ದೆ. ಊರಾಚೆ, ಹಿಂದೆ ಕೋಳಿ ಸಾಕಲೆಂದು ಕಟ್ಟಿದ್ದ ಉದ್ದನೆಯ ಶೆಡ್ಡಿನಲ್ಲಿ ನಮ್ಮ ರಂಗ ಶಿಬಿರ. ಮೇಲೆ ತಗಡು, ಎರಡೂ ಬದಿಗೆ ಸೊಂಟದೆತ್ತರದ ಗೋಡೆ, ಅದರ ಮೇಲೆ ತಂತಿಯ ಜಾಲರಿ. ಹತ್ತನೇ ತರಗತಿ ಮುಗಿಸಿ ಮನೆಯಲ್ಲೇ ಉಳಿದವರು, ಪಿಯುಸಿ ಅರ್ಧಕ್ಕೆ ಬಿಟ್ಟವರು, ಹೀಗೆ ಸುತ್ತಲ ಹಳ್ಳಿಗಳ ಇಪ್ಪತ್ತೆರಡು ಹುಡುಗ ಹುಡುಗಿಯರು ಮೂರು ತಿಂಗಳು ದಿನವೂ ಬರುತ್ತಿದ್ದರು. ಶಿಬಿರ ನಡೆಸುತ್ತಿದ್ದವರು ಅರವತ್ತರ ಹತ್ತಿರದ ಹಿರಿಯರೊಬ್ಬರು. ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಮಕ್ಕಳಿಗೆ ಮೈ ಬಳಸುವುದನ್ನು, ಅಂದರೆ ನಡೆಯುವುದು, ನಿಲ್ಲುವುದು, ಹಾರುವುದು, ಬೀಳುವುದನ್ನು ಕಲಿಸುವ ಕೆಲಸ ನನ್ನದು.

ಆ ಮಕ್ಕಳಲ್ಲಿ ರಾಜಾನುಕುಂಟೆಯ ಆಚೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗಿ ಒಬ್ಬಳಿದ್ದಳು. ಹದಿನಾರು ವರ್ಷ. ಅಪ್ಪ ಇರಲಿಲ್ಲ. ಅಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ಮಗಳನ್ನು ಶಿಬಿರಕ್ಕೆ ಕಳಿಸಲು ಆ ತಾಯಿ ಒಪ್ಪಬೇಕಾದರೆ ಮೇಷ್ಟ್ರು ಎರಡು ಸಲ ಅವರ ಮನೆಗೆ ಹೋಗಬೇಕಾಯಿತು. ಎರಡನೇ ಸಲ ನಾನೂ ಹೋಗಿದ್ದೆ. "ನೀವ್ ನೋಡ್ಕತೀರಾ?" ಎಂದು ಅವರು ಕೇಳಿದ್ದು ಮೇಷ್ಟ್ರನ್ನಲ್ಲ, ನನ್ನನ್ನು. "ನೋಡ್ಕೋತೀನಮ್ಮ" ಎಂದಿದ್ದೆ.

ಹುಡುಗಿ ಮೊದಲ ವಾರ ಯಾರ ಕಣ್ಣನ್ನೂ ನೋಡಿ ಮಾತಾಡಲಿಲ್ಲ. ಆದರೆ ಮೈಯಲ್ಲಿ ಭಯವೇ ಇರಲಿಲ್ಲ. ನಾನು ತೋರಿಸಿದ್ದನ್ನು ಒಂದೇ ಸಲಕ್ಕೆ ಮಾಡುತ್ತಿದ್ದಳು. ಎರಡನೇ ತಿಂಗಳಲ್ಲಿ, ಮೇಜಿನ ಮೇಲೆ ನಿಂತು ಬೆನ್ನು ಕೊಟ್ಟು ಹಿಂದಕ್ಕೆ ಬೀಳುವ ಅಭ್ಯಾಸ ಶುರು ಮಾಡಿದೆ. ಕೆಳಗೆ ಎಂಟು ಜನ ಎರಡು ಸಾಲಿನಲ್ಲಿ ಎದುರುಬದುರು ನಿಂತು ತೋಳು ಚಾಚಿರುತ್ತಾರೆ. ನಾನು ಒಂದು, ಎರಡು, ಮೂರು ಎನ್ನುತ್ತೇನೆ. ಮೂರಕ್ಕೆ ಬೀಳಬೇಕು, ಅವರು ಹಿಡಿಯಬೇಕು. ಮೊದಲು ಮೇಲೆ ಹತ್ತಿದವಳೂ ಅವಳೇ.

ಅದು ಫೆಬ್ರವರಿ. ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನಕ್ಕೆ ತಾಲೀಮು ನಡೆದಿತ್ತು. ಬೆಳಿಗ್ಗೆ ಹತ್ತಾಯಿತೆಂದರೆ ಯುದ್ಧವಿಮಾನಗಳು ನಮ್ಮ ತಗಡಿನ ಮೇಲೇ ಹೋದಂತೆ ಹೋಗುತ್ತಿದ್ದವು. ಮಕ್ಕಳು ಮಾಡುತ್ತಿದ್ದುದನ್ನು ಬಿಟ್ಟು ಜಾಲರಿಗೆ ಓಡುತ್ತಿದ್ದರು. ಸೋಮವಾರ ನಾನೇ ನಕ್ಕು ಸುಮ್ಮನಾಗಿದ್ದೆ. ಮಂಗಳವಾರ ಮೇಷ್ಟ್ರು, "ಪ್ಲೇನು ಹಾರೋ ಟೈಮಲ್ಲಿ ಮೇಜು ಹತ್ತಿಸ್ಬೇಡಮ್ಮ, ಮಧ್ಯಾಹ್ನ ಮಾಡ್ಸು" ಎಂದರು. ಆಯ್ತು ಸಾರ್ ಎಂದೆ. ಬುಧವಾರ ಅರ್ಧ ಗಂಟೆ ಆಕಾಶ ಸುಮ್ಮನಿತ್ತು. ಮಕ್ಕಳು ಹುರುಪಿನಲ್ಲಿದ್ದರು. ಒಂದು ಸುತ್ತು ಮುಗಿಸಿಬಿಡೋಣ ಎಂದುಕೊಂಡೆ.

ಅವಳು ಮೇಜಿನ ಮೇಲೆ ನಿಂತು ಎದೆಯ ಮೇಲೆ ಕೈ ಕಟ್ಟಿ ಕಣ್ಣು ಮುಚ್ಚಿದಳು. ಕೆಳಗೆ ಎಂಟು ಜನ ನಿಂತರು. ಒಂದು ಎಂದೆ. ಎರಡು ಎಂದೆ. ಮೂರು ಎಂದ ಹೊತ್ತಿಗೆ ಸದ್ದು ಬಂತು. ತಗಡೇ ಕಿತ್ತು ಹೋಯಿತೇನೋ ಎನ್ನುವಂಥ ಸದ್ದು. ಎಂಟು ತಲೆಗಳೂ ಮೇಲಕ್ಕೆ ತಿರುಗಿದವು, ಚಾಚಿದ ತೋಳುಗಳು ಕಿವಿಗೆ ಹೋದವು. ಸದ್ದು ದಾಟಿ ಹೋದ ಮೇಲೆ ನಾನು ನೋಡಿದಾಗ ಮೇಜಿನ ಮೇಲೆ ಯಾರೂ ಇರಲಿಲ್ಲ.

ಅವಳು ಸಿಮೆಂಟು ನೆಲದ ಮೇಲೆ ಅಂಗಾತ ಬಿದ್ದಿದ್ದಳು. ಕಣ್ಣು ತೆರೆದಿತ್ತು. ಎಡಗೈ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಅಳಲಿಲ್ಲ. "ಅಕ್ಕ, ಸೊಂಟದ್ ಕೆಳಗೆ ಏನೂ ಇಲ್ದಂಗೈತೆ" ಎಂದಳು.

"ಯಾರೂ ಮುಟ್ಬೇಡಿ" ಎಂದು ಕಿರುಚಿದೆ. ಪಕ್ಕದಲ್ಲಿ ಮಂಡಿಯೂರಿ, "ಕಾಲ್ಬೆರಳು ಅಲ್ಲಾಡ್ಸು ಪುಟ್ಟ" ಎಂದೆ. ಬೆರಳು ಅಲುಗಲಿಲ್ಲ. ಇನ್ನೊಮ್ಮೆ ಹೇಳಿದೆ. ನಾನು ಆ ಹತ್ತು ಬೆರಳುಗಳನ್ನು ನೋಡಿದ ಹಾಗೆ ನನ್ನ ಜೀವನದಲ್ಲಿ ಬೇರೆ ಏನನ್ನೂ ನೋಡಿಲ್ಲ. ಬಲಗಾಲಿನ ಹೆಬ್ಬೆರಳು ಒಂದಿಷ್ಟು ಕದಲಿದಂತೆ ಕಂಡಿತು. ನಿಜವಾಗಿ ಕದಲಿತೋ, ನನಗೆ ಹಾಗೆ ಕಾಣಬೇಕಿತ್ತೋ ಗೊತ್ತಾಗಲಿಲ್ಲ.

ಆಂಬುಲೆನ್ಸಿಗೆ ಫೋನು ಮಾಡಿದರೆ ರಸ್ತೆ ಕಟ್ಟಿದೆ, ಮುಕ್ಕಾಲು ಗಂಟೆ ಆಗಬಹುದು ಎಂದರು. ನಾಟಕದ ಸೆಟ್ಟಿಗೆಂದು ತಂದಿದ್ದ ಪ್ಲೈವುಡ್ ಹಲಗೆಯನ್ನು ಮೆಲ್ಲಗೆ ಅವಳ ಅಡಿಗೆ ಸರಿಸಿ, ದುಪಟ್ಟಾಗಳಲ್ಲಿ ಬಿಗಿದು, ಶಿಬಿರದ ವ್ಯಾನಿನ ಸೀಟು ಬಿಚ್ಚಿ ಮಲಗಿಸಿದೆವು. ಹಲಗೆ ಹಿಡಿದವರು ಅವಳನ್ನು ಹಿಡಿಯಬೇಕಿದ್ದ ಮಕ್ಕಳೇ. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ರಸ್ತೆಯ ತುಂಬ ವಿಮಾನ ನೋಡಲು ಬಂದ ಜನ. ಬೈಕುಗಳನ್ನು ಅಡ್ಡಡ್ಡ ನಿಲ್ಲಿಸಿ ಆಕಾಶ ನೋಡುತ್ತ ನಿಂತಿದ್ದರು. ಚಾಲಕ ಹಾರನ್ನಿನಿಂದ ಕೈ ತೆಗೆಯಲೇ ಇಲ್ಲ. ಒಂದೊಂದು ಹಳ್ಳಕ್ಕೂ ಹುಡುಗಿಯ ಹಲ್ಲು ಕಡಿಯುವುದು ಕೇಳುತ್ತಿತ್ತು. ನಾನು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಹೊರಡುವ ಮುಂಚೆ ನಡೆದದ್ದನ್ನು ಮೇಷ್ಟ್ರಿಗೆ ತಿಳಿಸಿದ್ದೆ, ಆಗ ಅವರ ಫೋನು ಬಂತು. ಅವರು ಯಶವಂತಪುರದಲ್ಲಿ ಯಾವುದೋ ಕೆಲಸದಲ್ಲಿದ್ದರು.

"ಅವರಮ್ಮಂಗೆ ಹೇಳಿದೀನಿ, ಬರ್ತಿದಾರೆ" ಎಂದರು. ಆಮೇಲೆ, "ನೋಡಮ್ಮ, ಕೇಳಿದ್ರೆ ಮೇಜಿಂದ ಕಾಲು ಜಾರಿ ಬಿದ್ಲು ಅನ್ನು. ಉಳಿದಿದ್ದು ಆಮೇಲೆ ಮಾತಾಡಣ. ಯಾರೂ ಹಿಡೀಲಿಲ್ಲ ಅಂತ ಗೊತ್ತಾದ್ರೆ ಎಲ್ಲಾ ಹಳ್ಳೀಲೂ ಮಕ್ಕಳನ್ನ ಬಿಡಿಸ್ಕೊಂಡ್ಬಿಡ್ತಾರೆ" ಎಂದರು.

ಹೂಂ ಎಂದೆ. ಫೋನಿನ ಧ್ವನಿ ಜೋರಿತ್ತು. ಹುಡುಗಿ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು.

ಹೆಬ್ಬಾಳದ ಆಸ್ಪತ್ರೆ ತಲುಪುವಷ್ಟರಲ್ಲಿ ಕಾಲಿನಲ್ಲಿ ಜುಮುಜುಮು ಎನ್ನುತ್ತಿದೆ ಎಂದಳು. ಒಳಗೆ ಕರೆದುಕೊಂಡು ಹೋದರು. ನಾನು ಬಾಗಿಲ ಹೊರಗೆ ನಿಂತೆ. ತಾಯಿ ಬಂದಾಗ ಮಧ್ಯಾಹ್ನ ಎರಡು ಗಂಟೆ. ಅಡುಗೆಮನೆಯಿಂದ ಎದ್ದು ಬಂದಿದ್ದರು, ಸೀರೆಯ ಸೆರಗಿನಲ್ಲಿ ಒಗ್ಗರಣೆಯ ವಾಸನೆ ಇತ್ತು. ಡಾಕ್ಟರು ಅಷ್ಟರಲ್ಲಿ ಹೊರಗೆ ಬಂದು, ಬೆನ್ನಿನ ಕೆಳಗಿನ ಮೂಳೆ ಬಿರುಕು ಬಿಟ್ಟಿದೆ, ನರಕ್ಕೆ ಪೆಟ್ಟಾಗಿಲ್ಲ, ಮಣಿಕಟ್ಟು ಮುರಿದಿದೆ, ಒಂದೂವರೆ ತಿಂಗಳು ಅಲುಗಾಡದೆ ಮಲಗಬೇಕು, ನಡೆಯುತ್ತಾಳೆ ಎಂದರು.

ನಮ್ಮಿಬ್ಬರನ್ನೂ ಒಳಗೆ ಬಿಟ್ಟರು. ತಾಯಿ ಮಗಳ ಹಣೆ ಮುಟ್ಟಿ, ನನ್ನ ಕಡೆ ತಿರುಗಿದರು. "ಎಂಗ್ ಬಿದ್ಲು?"

"ಮೇಜಿನ ಮೇಲಿಂದ..." ಎಂದೆ. "ಕಾಲು ಜಾರ್ತು ಅನ್ಸತ್ತೆ ಅಮ್ಮ."

"ಊಂ ಕಣವ್ವ, ನಾನೇ ಜಾರ್ದೆ" ಎಂದಳು ಹುಡುಗಿ. ಅವಳ ಮುಖದಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಅಷ್ಟು ಚೆನ್ನಾಗಿ ಅವಳು ಶಿಬಿರದಲ್ಲಿ ಯಾವತ್ತೂ ಅಭಿನಯಿಸಿರಲಿಲ್ಲ.

ಮೂರು ದಿನ ನಾನು ಆಸ್ಪತ್ರೆಗೆ ಹೋಗಿ ಬಂದೆ. ಶಿಬಿರದ ಮಕ್ಕಳಿಗೂ, ಜಾರಿ ಬಿದ್ದಳೆಂದೇ ಹೇಳಬೇಕೆಂದು ಮೇಷ್ಟ್ರು ತಾಕೀತು ಮಾಡಿದ್ದರು. ಮನೆಯಲ್ಲಿ, ಏನಾಗಿದೆ ನಿನಗೆ ಎಂದು ಅಮ್ಮ ಕೇಳಿದರೆ ರೇಗುತ್ತಿದ್ದೆ.

ನಾಲ್ಕನೇ ದಿನ ವಾರ್ಡಿಗೆ ಹೋದಾಗ ತಾಯಿ ಮಗಳಿಗೆ ಗಂಜಿ ಕುಡಿಸುತ್ತ ಬೈಯುತ್ತಿದ್ದರು. "ಮೈಮ್ಯಾಲೆ ಗ್ಯಾನ ಬ್ಯಾಡ್ವಾ? ಮೇಜಿನ ಮ್ಯಾಲೆ ಕುಣ್ಯಾಕೆ ಓಗವ್ಳೆ. ನಿಮ್ ಮಾವಂಗೆ ಏನಂತ ಏಳ್ಲಿ ನಾನು?" ಹುಡುಗಿ ಮಲಗಿದಲ್ಲೇ ಕಣ್ಣು ತಗ್ಗಿಸಿ ಕುಡಿಯುತ್ತಿದ್ದಳು. ನನ್ನನ್ನು ಕಂಡು ತಾಯಿ ಎದ್ದರು. ಮಂಚದ ಕೆಳಗಿನಿಂದ ಒಂದು ಚೀಲ ತೆಗೆದು ನನ್ನ ಕೈಗಿಟ್ಟರು. ಹಿತ್ತಿಲಲ್ಲಿ ಬೆಳೆದ ಅವರೆಕಾಯಿ. "ನೀವ್ ಇಲ್ದಿದ್ರೆ ನನ್ ಮಗಳು ಕುಂಟಿಯಾಗ್ತಿದ್ಲು. ಅಲಗೆ ಮ್ಯಾಲೆ ಮಲಗಿಸ್ಕಂಡು ಬಂದ್ರಂತೆ, ಡಾಕ್ಟ್ರು ಏಳುದ್ರು. ಮನೇಗ್ ತಗಂಡೋಗಿ."

ಆ ಚೀಲ ಹಿಡಿದು ನಿಲ್ಲಲು ನನ್ನಿಂದ ಆಗಲಿಲ್ಲ. "ಅಮ್ಮ, ಅವಳು ಜಾರಲಿಲ್ಲ" ಎಂದೆ.

ಹುಡುಗಿ ತಟ್ಟನೆ ಕಣ್ಣೆತ್ತಿ, "ಅಕ್ಕ" ಎಂದಳು. ಬೇಡ ಎನ್ನುವಂತಿತ್ತು. ನಾನು ನಿಲ್ಲಿಸಲಿಲ್ಲ. ಅಭ್ಯಾಸ ಹೇಗಿತ್ತು, ವಿಮಾನ ಬಂದದ್ದು, ಮಕ್ಕಳು ಮೇಲೆ ನೋಡಿದ್ದು, ಎಲ್ಲ ಹೇಳಿದೆ.

ತಾಯಿ ಕೂಗಾಡಲಿಲ್ಲ. ಲೋಟವನ್ನು ಕೆಳಗಿಟ್ಟರು. "ಎಷ್ಟ್ ಜನ ಇಡ್ಕಬೇಕಿತ್ತು?"

"ಎಂಟು."

"ಬೀಳು ಅಂತ ಯಾರು ಏಳಿದ್ದು?"

"ನಾನು."

"ಬೀಳು ಅಂದ್ಬುಟ್ಟು ನೀವ್ ಎಲ್ಲಿ ನೋಡ್ತಿದ್ರಿ?"

ಈ ಒಂದನ್ನು ನಾನು ಬಿಟ್ಟು ಹೇಳಿದ್ದೆ. ನನಗೆ ನಾನೇ ಹೇಳಿಕೊಂಡಿರಲಿಲ್ಲ. "ನಾನೂ ಮೇಲೆ ನೋಡ್ದೆ ಅಮ್ಮ" ಎಂದೆ.

ಅವರು ಮಗಳ ಕಡೆ ತಿರುಗಿ, ಇಷ್ಟು ದಿನ ಬೈದದ್ದನ್ನೆಲ್ಲ ವಾಪಸು ತೆಗೆದುಕೊಳ್ಳುವವರಂತೆ ಅವಳ ಕೂದಲನ್ನು ಹಿಂದಕ್ಕೆ ಸರಿಸಿದರು. ಆಮೇಲೆ ನನಗೆ, "ನೀವ್ ಓಗಿ" ಎಂದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿಕೊಂಡಳು. "ಯಾಕಕ್ಕ ಏಳುದ್ರಿ?" ಎಂದದ್ದು ಗೋಡೆಗೆ ಹೇಳಿದಂತಿತ್ತು. ಅವಳು ಸುಳ್ಳು ಹೇಳಿದ್ದು ನನ್ನನ್ನು ಉಳಿಸಲಿಕ್ಕಲ್ಲ, ಶಿಬಿರಕ್ಕೆ ಮತ್ತೆ ಬರಲಿಕ್ಕೆ ಎನ್ನುವುದು ನನಗೆ ತಿಳಿದದ್ದು ಆಗ.

ಸುದ್ದಿ ಹಳ್ಳಿಗಳಿಗೆ ಹೋಯಿತು. ಆ ವಾರ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮೇಷ್ಟ್ರು ನನ್ನ ಜೊತೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಶಿಬಿರದ ಕೊನೆಗೆ ಉಳಿದ ಮಕ್ಕಳು ನಾಟಕ ಮಾಡಿದರು. ಹುಡುಗಿಯ ಪಾತ್ರವನ್ನು ಎರಡಾಗಿ ಒಡೆದು ಇಬ್ಬರಿಗೆ ಹಂಚಿದೆವು.

ಏಪ್ರಿಲ್‌ನಲ್ಲಿ ಒಂದು ದಿನ ಧೈರ್ಯ ಮಾಡಿ ಅವರ ಊರಿಗೆ ಹೋದೆ. ತಾಯಿ ಜಗಲಿಯಲ್ಲಿ ಚಾಪೆ ಹಾಕಿದರು, ನೀರು ಕೊಟ್ಟರು. ಎದ್ದು ಓಡಾಡ್ತವ್ಳೆ, ಬೆನ್ಗೆ ಬೆಲ್ಟ್ ಆಕ್ಕಂಡವ್ಳೆ ಎಂದರು. ನೋಡಬಹುದಾ ಎಂದು ಕೇಳಿದೆ. "ಮಲಗವ್ಳೆ" ಎಂದರು. ಅಷ್ಟರಲ್ಲಿ ಒಳಗಿನಿಂದ, "ಯಾರವ್ವ ಬಂದಿರೋದು?" ಎಂದು ಅವಳ ಧ್ವನಿ ಕೇಳಿತು. ತಾಯಿ ನನ್ನ ಮುಖ ನೋಡುತ್ತಲೇ, "ಯಾರೂ ಇಲ್ಲ ಕಣವ್ವ" ಎಂದರು. ನಾನು ಲೋಟ ಕೆಳಗಿಟ್ಟು ಎದ್ದೆ.

ಎರಡು ವರ್ಷ ಕಳೆದ ಮೇಲೆ ಹೊಸ ಶಿಬಿರದ ಅರ್ಜಿಗಳಲ್ಲಿ ಅವಳ ಅರ್ಜಿ ಇತ್ತು. ಹದಿನೆಂಟು ತುಂಬಿತ್ತು. ಪೋಷಕರ ಸಹಿ ಬೇಕೆಂಬ ಜಾಗದಲ್ಲಿ ಗೀಟು ಎಳೆದು ಕೆಳಗೆ ತಾನೇ ಸಹಿ ಮಾಡಿದ್ದಳು. ಯಾವ ವಿಭಾಗ ಎಂಬುದಕ್ಕೆ ಬೆಳಕು ಎಂದು ಬರೆದಿದ್ದಳು. ನನ್ನ ತರಗತಿಗೆ ಒಂದು ದಿನವೂ ಬರಲಿಲ್ಲ. ಎದುರು ಸಿಕ್ಕರೆ ನಮಸ್ತೆ ಎನ್ನುತ್ತಿದ್ದಳು, ಅಕ್ಕ ಎನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಇಬ್ಬರೇ ತಟ್ಟೆ ತೊಳೆಯುತ್ತಿದ್ದೆವು. ತಡೆಯಲಾರದೆ ಕೇಳಿದೆ. "ನನ್ ಮೇಲೆ ಇನ್ನೂ ಕೋಪ ಇದೆಯಾ?"

"ಬಿದ್ದಿದ್ದಕ್ಕಲ್ಲ" ಎಂದಳು. "ಅವತ್ ನೀವ್ ಸುಮ್ಕಿದ್ದಿದ್ರೆ ನಮ್ಮವ್ವ ಒಂದ್ ವಾರ ಬೈದು ಮರ್ತ್‌ಬುಡೋರು. ಮುಂದಿನ್ ಶಿಬಿರಕ್ಕೇ ನಾನ್ ವಾಪಸ್ ಬತ್ತಿದ್ದೆ. ಎರಡು ವರ್ಷ ಮನೇಲಿ ಕೂತೆ."

"ನಿಮ್ಮಮ್ಮ ನಿನ್ನದೇ ತಪ್ಪು ಅಂತ ನಂಬಿದ್ರು. ಅವ್ರು ಬೈಯೋದನ್ನ ನಂಗೆ ಸಹಿಸಕ್ಕಾಗ್ಲಿಲ್ಲ."

"ನಂಗಾಗ್ತಿತ್ತಲ್ಲ" ಎಂದಳು. ಸಿಟ್ಟಿಲ್ಲದೆ ಹೇಳಿದಳು. "ನನ್ ಕೇಳಿದ್ರಾ?"

ಕೇಳಿರಲಿಲ್ಲ. ನಾನು ಹೇಳಿದ್ದು ಸರಿಯೆಂದು ಇವತ್ತಿಗೂ ಅನ್ನಿಸುತ್ತದೆ. ಅವಳನ್ನು ಕೇಳದೆ ಹೇಳಿದ್ದು ತಪ್ಪೆಂದೂ ಅನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ಅವಳಿಗೆ ಹೇಳುವುದು ಹೇಗೆಂದು ತಿಳಿಯದೆ, "ಇಲ್ಲ" ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿ ತಟ್ಟೆ ಎತ್ತಿಕೊಂಡು ಹೋದಳು.

ನಾಟಕದ ದಿನ ಸಂಜೆ ಅವಳ ತಾಯಿ ಬಂದರು. ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದವರು ಆಟ ಶುರುವಾಗಿ ಹತ್ತು ನಿಮಿಷಕ್ಕೆ ಎದ್ದು, ಪಕ್ಕದ ಗೋಡೆಗೆ ಒರಗಿ ನಿಂತಿದ್ದ ನನ್ನ ಹತ್ತಿರ ಬಂದರು.

"ನಮ್ಮವ್ಳು ಕಾಣಾಕಿಲ್ವಲ್ಲ" ಎಂದು ಪಿಸುಗುಟ್ಟಿದರು.

"ಅವಳು ಸ್ಟೇಜಿಗೆ ಬರಲ್ಲ ಅಮ್ಮ. ಲೈಟು ನೋಡ್ಕೋತಾಳೆ. ಬನ್ನಿ."

ಹಿಂದಿನ ಬಾಗಿಲಿನ ಹತ್ತಿರ, ಎತ್ತರದ ಹಲಗೆಯ ಮೇಲೆ ಅವಳು ಕೂತಿದ್ದಳು. ಎರಡೂ ಕೈ ಬೆಳಕಿನ ಗುಂಡಿಗಳ ಮೇಲೆ, ಕಣ್ಣು ರಂಗದ ಮೇಲೆ. ನಾವು ಬಂದದ್ದು ಅವಳಿಗೆ ತಿಳಿಯಲಿಲ್ಲ. ರಂಗದಲ್ಲಿ ಬೆಳಗಾಗಬೇಕಿತ್ತು. ಅವಳ ಬೆರಳು ಒಂದು ಗುಂಡಿಯನ್ನು ನಿಧಾನವಾಗಿ ಮೇಲಕ್ಕೆ ಸರಿಸಿದಂತೆ ದೂರದಲ್ಲಿ ಮಕ್ಕಳ ಮುಖಗಳು ಒಂದೊಂದಾಗಿ ಕಾಣತೊಡಗಿದವು. ತಾಯಿ ಒಂದು ಸಲ ಅತ್ತ ನೋಡಿದರು, ಆಮೇಲೆ ರಂಗಕ್ಕೆ ಬೆನ್ನು ಹಾಕಿ ಮಗಳ ಕೈಯನ್ನೇ ನೋಡುತ್ತ ನಿಂತರು. ಕುರ್ಚಿ ತರಲಾ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದರು. ನಾಟಕ ಮುಗಿಯುವವರೆಗೂ ಹಾಗೆಯೇ ನಿಂತಿದ್ದರು.